ಬೇಲಿಯಾಚೆಯವರ ಕಾನೂನು

ಅವತ್ತು ಬೆಳಿಗ್ಗೆ ಬುಕ್ಕಾಪಟ್ಟಣದ ಗುಡ್ಡಗಳ ಮೇಲೆ ಮೋಡ ಇತ್ತು, ಮಳೆ ಇರಲಿಲ್ಲ. ಆಷಾಢದಲ್ಲಿ ನಮ್ಮ ಸೀಮೆಯ ಮೋಡಗಳು ಹೀಗೇ. ಮದುವೆಗೆ ಬಂದು ಊಟಕ್ಕೆ ನಿಲ್ಲದ ನೆಂಟರಂತೆ ಮುಖ ತೋರಿಸಿ ಆಂಧ್ರದ ಕಡೆಗೆ ಹೊರಟುಬಿಡುತ್ತವೆ. ಉಳಿಯುವುದು ಬರೀ ಗಾಳಿ. ಆ ಗಾಳಿ ಗೊಲ್ಲರ ಹಟ್ಟಿಯ ಕಾರೆಮುಳ್ಳಿನ ಬೇಲಿಯೊಳಗೆ ನುಗ್ಗಿ ಸೀಟಿ ಹೊಡೆಯುತ್ತಿತ್ತು. ಕುರಿಗಳು ಬೆನ್ನನ್ನು ಗಾಳಿಗೆ ಕೊಟ್ಟು, ತಲೆಯನ್ನು ಒಂದರ ಹೊಟ್ಟೆಯಡಿ ಒಂದು ಹುದುಗಿಸಿ ನಿಂತಿದ್ದವು. ದೇವರು ಕುರಿಗೆ ಕೊಟ್ಟ ಬುದ್ಧಿ ಅಷ್ಟೇ. ಗಾಳಿ ಯಾವ ದೇಶದ್ದು, ಒಳಗೆ ಬರಲು ಅದಕ್ಕೆ ಅಪ್ಪಣೆ ಕೊಟ್ಟವರು ಯಾರು ಎಂದು ಅವು ಕೇಳುವುದಿಲ್ಲ. ಕೇಳುವ ಬುದ್ಧಿಯನ್ನು ಭಗವಂತ ಮನುಷ್ಯನಿಗೇ ಮೀಸಲಿಟ್ಟಿದ್ದಾನೆ.

ಆ ಗಾಳಿಯ ಜೊತೆಯಲ್ಲಿ ಒಬ್ಬ ಮನುಷ್ಯ ಬಂದ. ಪ್ಯಾಂಟು ತೊಟ್ಟಿದ್ದ, ತಲೆಯ ಮೇಲೆ ಕಬ್ಬಿಣದ ಟ್ರಂಕು ಹೊತ್ತಿದ್ದ, ಕೈಯಲ್ಲಿ ತನ್ನ ಬೂಟುಗಳನ್ನು ಹಿಡಿದಿದ್ದ. ಹಟ್ಟಿಯವರು ಮೊದಲು ನೋಡಿದ್ದು ಆ ಬೂಟುಗಳನ್ನು. ಜುಂಜಪ್ಪನ ಗುಡಿಯಿರುವ ಹಟ್ಟಿಯೊಳಗೆ ಚರ್ಮದ ಮೆಟ್ಟು ಬರುವ ಹಾಗಿಲ್ಲ. ಅದುವರೆಗೆ ಬಂದ ಪ್ಯಾಂಟಿನವರೆಲ್ಲ ಮೆಟ್ಟು ಹಾಕಿಕೊಂಡೇ ಒಳಗೆ ಬಂದು, ಬೈಸಿಕೊಂಡು, ಆಮೇಲೆ ಬಿಚ್ಚಿದವರು. ಇವನು ಯಾರೂ ಹೇಳದೆಯೇ ಬಿಚ್ಚಿ ಬೇಲಿಯ ಹೊರಗೆ ನಿಂತಿದ್ದ.

"ಯಾರಪ್ಪಾ ನೀನು?" ಎಂದ ಗಂಗಣ್ಣ. ಅವನು ಹಟ್ಟಿಯ ಗೌಡ, ಎಪ್ಪತ್ತು ದಾಟಿದ ಮುದುಕ.

"ನಾನು ದಾಸಣ್ಣ, ಮುದ್ದಪ್ಪನ ಮಗ. ಪಿನಾಂಗಿನಿಂದ ಬಂದಿವ್ನಿ. ನಮ್ಮಪ್ಪ ಹೋದ ವರ್ಸ ತೀರ್ಕೊಂಡ. ಹಟ್ಟಿಗೋಗಿ ಸುದ್ದಿ ಮುಟ್ಸ್ಲಾ ಅಂತ ಹೇಳಿದ್ದ."

"ಯಾವ ಮುದ್ದಪ್ಪ?"

"ಮಾರಾಜ್ರ ಪಲ್ಟನ್ ಸೇರಿ ಹಡಗತ್ತಿ ಹೋದ ಮುದ್ದಪ್ಪ."

"ಅಯ್ಯೋ, ಅವ್ನು ಸತ್ತು ಮೂವತ್ತು ವರ್ಸ ಆಯ್ತಲ್ಲಪ್ಪ! ತಿಥಿ ಊಟ ನಾನೇ ಉಂಡಿವ್ನಿ."

"ಇಲ್ಲ ತಾತ, ಹೋದ ವರ್ಸ."

"ನಿಂಗೇನ್ಲಾ ಗೊತ್ತು? ನೀನಿನ್ನೂ ಹುಟ್ಟೇ ಇರ್ಲಿಲ್ಲ!"

ದಾಸಣ್ಣ ಟ್ರಂಕನ್ನು ಕೆಳಗಿಳಿಸಿದ. ಈ ವಾದವನ್ನು ಯಾವ ದೇಶದ ವಕೀಲನೂ ಗೆಲ್ಲಲಾರ.

ನಡೆದದ್ದು ಇಷ್ಟು. ಯುದ್ಧಕಾಲದಲ್ಲಿ ಮೈಸೂರು ಪಲ್ಟನ್ನನ್ನು ಸಿಂಗಪುರಕ್ಕೆ ಕಳಿಸಿದರು. ಸಿಂಗಪುರ ಬಿತ್ತು, ಮುದ್ದಪ್ಪ ಜಪಾನಿನವರ ಕೈಗೆ ಸೆರೆ ಸಿಕ್ಕ. ಹಟ್ಟಿಯವರು ಎರಡು ಮಳೆಗಾಲ ಕಾದರು, ಸುದ್ದಿಯಿಲ್ಲ. ಹೆಣವಿಲ್ಲದಿದ್ದರೂ ತಿಥಿ ಮಾಡಿದರು, ಕುರಿ ಕಡಿದರು, ಹಣೆಗೆ ಕೈ ಹಚ್ಚಿ ಅತ್ತರು, ಉಂಡರು. ಯುದ್ಧ ಮುಗಿದ ಮೇಲೆ ಮುದ್ದಪ್ಪ ಮಲಯ ದೇಶದ ಪಿನಾಂಗಿನಿಂದ ಒಂದು ಕಾಗದ ಬರೆಸಿದ. ಅಂಚೆಯವನು ಬೇಲಿಯ ಹತ್ತಿರ ನಿಂತು "ಮುದ್ದಪ್ಪ ಬರೆದವ್ನೆ" ಎಂದು ಕೂಗಿದಾಗ ಹಿರಿಯರು ಕೂಡಿ ಯೋಚಿಸಿದರು. ತಿಥಿ ಆದವನ ಕೈಯಿಂದ ಏನನ್ನೂ ತೆಗೆದುಕೊಳ್ಳಬಾರದು. ತೆಗೆದುಕೊಂಡರೆ ಅವನು ಮತ್ತೆ ಮತ್ತೆ ಬರುತ್ತಾನೆ. ಆದ್ದರಿಂದ ಕಾಗದವನ್ನು ಮುಟ್ಟದೆ, ಅಂಚೆಯವನಿಗೆ ಮಜ್ಜಿಗೆ ಕೊಟ್ಟು, ಬಂದ ದಾರಿಯಲ್ಲೇ ಕಳಿಸಿದರು. ಕಾಗದ ಸಮುದ್ರ ದಾಟಿ ಮುದ್ದಪ್ಪನ ಕೈ ಸೇರಿತು. ಒಡೆಯದ ಕಾಗದವನ್ನು ಕಂಡೊಡನೆ ಅವನಿಗೆ ಅರ್ಥವಾಯಿತು. ಹಟ್ಟಿಯ ಮನುಷ್ಯನಲ್ಲವೇ! ತಾನು ಸತ್ತಿದ್ದೇನೆಂದು ಒಪ್ಪಿಕೊಂಡು, ಅಲ್ಲೇ ಒಬ್ಬ ತಮಿಳು ಹೆಂಗಸನ್ನು ಮದುವೆಯಾಗಿ, ರಬ್ಬರ್ ತೋಟದ ಕಾವಲುಗಾರನಾಗಿ, ಸತ್ತವನಾದರೂ ಸುಖವಾಗಿಯೇ ಬಾಳಿದ.

ಮುದ್ದಪ್ಪನ ತಂಗಿ ಜುಂಜಮ್ಮ ಗುಡಿಸಲಿನಿಂದ ಹೊರಗೆ ಬಂದಳು. ಬೇಲಿಯಾಚೆ ನಿಂತವನನ್ನು ಮೇಲಿಂದ ಕೆಳಗೆ ನೋಡಿದಳು. ಅಣ್ಣನ ಚಹರೆ ಕಾಣಲಿಲ್ಲ. ಅಷ್ಟರಲ್ಲಿ ಒಂದು ಮೇಕೆ ದಾಸಣ್ಣನ ಬೂಟಿನ ದಾರಕ್ಕೆ ಬಾಯಿ ಹಾಕಿತು. ಅವನು ಅದನ್ನು ಗದರಿಕೊಂಡು ಒಂದು ಬೈಗುಳ ಬೈದ. ಜುಂಜಮ್ಮನ ಕಾಲು ಅಲ್ಲೇ ನಿಂತಿತು. ಆ ಬೈಗುಳ ಅವಳ ಅಪ್ಪನದು. ಅಪ್ಪ ಸತ್ತ ಮೇಲೆ ಹಟ್ಟಿಯಲ್ಲಿ ಯಾವ ಮೇಕೆಗೂ ಆ ಭಾಗ್ಯ ಸಿಕ್ಕಿರಲಿಲ್ಲ.

"ನಮ್ ವಂಸದೋನೇ ಕಣ್ರೋ ಇವ್ನು!" ಎಂದು ಕೂಗಿಕೊಂಡು ಬೇಲಿಯ ಬಾಗಿಲಿಗೆ ಓಡಿದಳು. ಅತ್ತಳು, ನಕ್ಕಳು, ಮತ್ತೆ ಏನೋ ಹೊಳೆದು ಸೊಂಟದ ಮೇಲೆ ಕೈಯಿಟ್ಟಳು. "ಅಲ್ಲ ಕಣ್ಲಾ, ವರ್ಸಾ ವರ್ಸಾ ನಿಮ್ಮಪ್ಪಂಗೆ ಎಡೆ ಇಕ್ತಾ ಇದ್ವಲ್ಲ, ಅದೆಲ್ಲಾ ಎಲ್ಲಿಗೋಯ್ತು?"

"ವರ್ಸದಾಗೆ ಒಂದಿನ ಅಪ್ಪಂಗೆ ಏನೂ ಉಣ್ಣದೆ ಹೊಟ್ಟೆ ತುಂಬ್ಕೊಂತಿತ್ತು ಅತ್ತೆ. ಡಾಕ್ಟ್ರು ಗ್ಯಾಸು ಅಂತಿದ್ರು."

"ನೋಡಿದ್ರಾ!" ಎಂದಳು ಜುಂಜಮ್ಮ ಸುತ್ತ ನಿಂತವರಿಗೆ. "ನಮ್ ದ್ಯಾವ್ರ ಟಪಾಲು ಹೆಂಗೈತೆ ನೋಡಿ. ಸಮುದ್ರ ದಾಟೈತೆ!"

ವಂಶದವನು ಎಂದು ಗೊತ್ತಾದ ಮಾತ್ರಕ್ಕೆ ಒಳಗೆ ಬಿಟ್ಟುಬಿಡುತ್ತಾರೆಯೇ? ಹಟ್ಟಿಗೂ ಒಂದು ಕಾನೂನಿದೆ. ಹೊರಗಿನಿಂದ ಬಂದು ಸೇರುವವನು ಬೇಲಿಯ ಹೊರಗೆ ಸೊಪ್ಪಿನ ಗುಡಿಸಲು ಹಾಕಿಕೊಂಡು ದೇವರ ಎತ್ತುಗಳನ್ನು ಕಾಯಬೇಕು. ಆ ಎತ್ತುಗಳಿಗೆ ಮೂಗುದಾರವಿಲ್ಲ, ನೊಗವಿಲ್ಲ, ಹೆದರಿಕೆಯೂ ಇಲ್ಲ. ಅವು ಯಾವತ್ತು ಅವನ ಹಿಂದೆ ತಾವಾಗಿ ನಡೆದು ಹಟ್ಟಿಯೊಳಗೆ ಬರುತ್ತವೆಯೋ ಅವತ್ತು ಅವನು ಹಟ್ಟಿಯವನು. ಕೆಲವರಿಗೆ ಎರಡು ವರ್ಷವಾದದ್ದುಂಟು. ಬಯಲುಸೀಮೆಯ ಹುಲ್ಲೇ ಕಾಣದ ದಾಸಣ್ಣನಿಗೆ ದೀಪಾವಳಿಯ ಹೊತ್ತಿಗೆ ಎತ್ತುಗಳು ಮನಸ್ಸು ಕೊಟ್ಟವು. ಹಬ್ಬದ ಸಂಜೆ ಅವನು ಮುಂದೆ, ಎತ್ತುಗಳು ಹಿಂದೆ, ಬಾಗಿಲು ದಾಟಿ ಒಳಗೆ ಬಂದರು. ಗಂಗಣ್ಣ ಅವನ ಹಣೆಗೆ ಭಂಡಾರ ಹಚ್ಚಿದ. ಎತ್ತುಗಳು ರುಜುವಾತು ಕೇಳಲಿಲ್ಲ, ನಾಳೆ ಬಾ ಎನ್ನಲಿಲ್ಲ. ಎತ್ತುಗಳಲ್ಲವೇ, ಅಷ್ಟು ಓದಿಲ್ಲ.

ಅದೇ ವಾರ ಮೈಸೂರು ರಾಜ್ಯ ತನ್ನ ಹೆಸರು ಬದಲಾಯಿಸಿಕೊಂಡು ಕರ್ನಾಟಕವಾಯಿತು. ಅಷ್ಟು ದೊಡ್ಡ ರಾಜ್ಯ ಇದ್ದಲ್ಲೇ ಇದ್ದುಕೊಂಡು ಇನ್ನೊಂದಾಗಿಬಿಟ್ಟಿತು. ದಾಸಣ್ಣ ಮಾತ್ರ ಅಪ್ಪನ ಊರಿಗೆ ಬಂದೂ ಪರದೇಶಿಯಾಗಿಯೇ ಇದ್ದ. ಅವನ ಟ್ರಂಕಿನಲ್ಲಿ ಮಲೇಷಿಯಾ ದೇಶದ ಪಾಸ್‌ಪೋರ್ಟು ಇತ್ತು. ಅದರಲ್ಲಿ ನಮ್ಮ ಸರ್ಕಾರದವರು ಒಂದು ಮುದ್ರೆ ಒತ್ತಿದ್ದರು. ಬರುವ ಶಿವರಾತ್ರಿಯವರೆಗೆ ಇರಬಹುದು, ಆಮೇಲೆ ಮದ್ರಾಸಿಗೆ ಹೋಗಿ ಹಡಗು ಹತ್ತಬೇಕು ಎಂದು ಅದರ ಅರ್ಥ. ಪಿನಾಂಗಿನಲ್ಲಿ ಅವನಿಗೆ ಯಾರೂ ಉಳಿದಿರಲಿಲ್ಲ. ತಾಯಿ ಅಪ್ಪನಿಗಿಂತ ಮೊದಲೇ ಹೋಗಿದ್ದಳು. ಇಲ್ಲಿ ಅತ್ತೆ ಇದ್ದಳು. ಅತ್ತೆಗೆ ಪುಟ್ಟಕ್ಕ ಎಂಬ ಮಗಳಿದ್ದಳು. ಅತ್ತೆಯ ಮಗಳನ್ನು ಬಿಟ್ಟು ಹಡಗು ಹತ್ತು ಎಂದು ಹೇಳುವ ಕಾನೂನು ಹಟ್ಟಿಯಲ್ಲಂತೂ ಇರಲಿಲ್ಲ.

"ಹೋಗೋನಾದ್ರೆ ಈಗ್ಲೇ ಹೇಳ್ಬುಡು," ಎಂದಿದ್ದಳು ಪುಟ್ಟಕ್ಕ, ಕುರಿಮರಿಯ ಕಾಲಿನ ಮುಳ್ಳು ಕೀಳುತ್ತ, ಅವನ ಮುಖ ನೋಡದೆ. "ಸತ್ತೋರ್ಗೆ ತಿಥಿ ಮಾಡ್ಬೋದು. ಹಡಗು ಹತ್ದೋರ್ಗೆ ಏನ್ ಮಾಡೋದು ಅಂತ ನಮ್ಮ ಹಟ್ಟೀಲಿ ಇನ್ನೂ ಯಾರ್ಗೂ ಗೊತ್ತಿಲ್ಲ."

ಈಗ ನಂದೀಶ್ವರಯ್ಯನವರ ವಿಷಯ.

ನಂದೀಶ್ವರಯ್ಯನವರು ಶಿರಾದಲ್ಲಿ ಕಡ್ಲೆಕಾಯಿ ಮಿಲ್ಲು ಇಟ್ಟಿದ್ದರು. ಮೂರು ಹೊತ್ತು ಶಿವಪೂಜೆ, ಹಣೆಯ ತುಂಬ ವಿಭೂತಿ, ಬಾಯಿ ತುಂಬ ಕಾನೂನು. ಕಾನೂನು ಅವರಿಗೆ ಹೇಗೆ ಬಂತೆಂದರೆ, ಒಂದು ಬಾವಿಯ ಕಟ್ಟೆಗಾಗಿ ಸ್ವಂತ ತಮ್ಮನ ಮೇಲೆ ದಾವೆ ಹೂಡಿದ್ದರು. ಬಾವಿ ಬತ್ತಿಹೋದರೂ ದಾವೆ ಬತ್ತದ ಹಾಗೆ ನೋಡಿಕೊಂಡಿದ್ದರು. ಕೋರ್ಟಿನ ಕಟ್ಟೆಯ ಮೇಲೆ ಕಳೆದ ಅಷ್ಟು ವರ್ಷದಲ್ಲಿ ಕಲ್ಲಿಗೂ ಒಂದಿಷ್ಟು ಕಾನೂನು ಅಂಟಿಕೊಳ್ಳುತ್ತದೆ. ಇವರು ಮನುಷ್ಯರು.

ಕಾರ್ತೀಕದಲ್ಲಿ ಹಟ್ಟಿಯವರು ತಮ್ಮ ಕಡ್ಲೆಕಾಯಿ ಹೊತ್ತುಕೊಂಡು ಮಿಲ್ಲಿಗೆ ಹೋದ ದಿನ ಅಲ್ಲಿಯ ಆಯಿಲ್ ಇಂಜಿನ್ನು ಕೆಟ್ಟು ಕೂತಿತ್ತು. ಜೊತೆಗೆ ಹೋಗಿದ್ದ ದಾಸಣ್ಣ ಪಿನಾಂಗಿನ ರಬ್ಬರ್ ಕಾರ್ಖಾನೆಯಲ್ಲಿ ಇಂಜಿನ್ನುಗಳ ನಡುವೆಯೇ ಬೆಳೆದವನು. ಬಿಚ್ಚಿದ, ಒರೆಸಿದ, ಕೂರಿಸಿದ. ಇಂಜಿನ್ನು ಹೊಗೆ ಉಗುಳಿ ಓಡತೊಡಗಿತು. ನಂದೀಶ್ವರಯ್ಯನವರು ಅವನ ಊರು ಕೇರಿ ವಿಚಾರಿಸಿದರು. ಪಾಸ್‌ಪೋರ್ಟಿನ ಮಾತು ಕೇಳಿದ ಮೇಲೆ ಅವರ ಮುಖ ಗಂಭೀರವಾಯಿತು. ಅವನನ್ನು ಪಡಸಾಲೆಯಲ್ಲಿ ಕೂರಿಸಿ, ಬಂದವರಿಗೆಲ್ಲ ಕೇಳಿಸುವ ಹಾಗೆ, ಪರದೇಶಿಗಳ ಕಾನೂನನ್ನೂ ಧಣಿಗಳ ಕಾನೂನನ್ನೂ ಬಿಡಿಸಿ ಹೇಳಿದರು.

"ನೋಡಯ್ಯಾ, ನೀನು ಪರದೇಶದವನು. ಪರದೇಶದವನಿಗೆ ಇಲ್ಲಿ ಯಾರು ಆಶ್ರಯ ಕೊಡ್ತಾರೋ ಅವರೇ ಸರ್ಕಾರ. ಅಂದ್ರೆ ನಿನಗೆ ನಾನೇ ಸರ್ಕಾರ. ತಿಳೀತಾ?"

"ಊ ಸೋಮಿ."

"ಸರ್ಕಾರ ಅಂದ ಮೇಲೆ ಜವಾಬ್ದಾರಿ. ನೀನು ಓಡಿಹೋದ್ರೆ ನನ್ನನ್ನ ಹಿಡೀತಾರೆ. ಅದಕ್ಕೇ ನೀನು ನೀನೇ ಅಂತ ತೋರಿಸೋ ವಸ್ತು ಏನಿರುತ್ತೋ ಅದು ಧಣಿ ಕಪಾಟಿನಲ್ಲಿರಬೇಕು. ತಗೊಂಡು ಬಾ ಪಾಸ್‌ಪೋರ್ಟು."

"ಸಂಬಳ ಹೆಂಗೆ ಸೋಮಿ?"

ನಂದೀಶ್ವರಯ್ಯನವರು ಕಿವಿ ಮುಚ್ಚಿಕೊಂಡರು. "ಶಿವ ಶಿವಾ! ಪರದೇಶಿಗೆ ಸಂಬಳವೇ? ಕೊಟ್ಟರೆ ನಾನು ಜೈಲಿಗೆ, ತಗೊಂಡರೆ ನೀನು ಜೈಲಿಗೆ. ಊಟ ಹಾಕಿದರೆ ಇಬ್ಬರೂ ಕೈಲಾಸಕ್ಕೆ. ಯಾವುದು ಬೇಕು ಹೇಳು."

ಕೈಲಾಸವನ್ನು ಬೇಡವೆನ್ನುವ ಧೈರ್ಯ ಯಾರಿಗಿದೆ? ದಾಸಣ್ಣ ಪಾಸ್‌ಪೋರ್ಟು ತಂದುಕೊಟ್ಟ. ಅಂದಿನಿಂದ ಇಂಜಿನ್ನು ನೋಡಿಕೊಂಡ, ಮೂಟೆ ಹೊತ್ತ, ಸಿಪ್ಪೆಯ ರಾಶಿ ಎತ್ತಿದ. ಸುಗ್ಗಿಯಲ್ಲಿ ಇಂಜಿನ್ನು ಹಗಲೆಲ್ಲ ನಿಲ್ಲದೆ ಓಡಿತು. ಧಣಿಗಳು ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿಸುತ್ತಿದ್ದರು. ಅಷ್ಟರ ಮಟ್ಟಿಗೆ ಅವರದು ಉದಾರ ಸರ್ಕಾರ.

ವಾರಕ್ಕೊಮ್ಮೆ ಹಟ್ಟಿಗೆ ಹೋದಾಗ ದಾಸಣ್ಣ ಈ ಕಾನೂನನ್ನೆಲ್ಲ ಗಂಗಣ್ಣನಿಗೆ ಹೇಳುತ್ತಿದ್ದ. ಗಂಗಣ್ಣ ಕಣ್ಣು ಮುಚ್ಚಿ, ತಲೆಯಾಡಿಸಿ, ದೇವರ ಕಥೆ ಕೇಳುವ ಭಕ್ತಿಯಲ್ಲಿ ಕೇಳುತ್ತಿದ್ದ. "ದೊಡ್ಡೋರು. ಕೋರ್ಟು ಕಂಡೋರು. ಸುಳ್ಳು ಹೇಳ್ತಾರಾ?" ಎನ್ನುತ್ತಿದ್ದ. ಹಟ್ಟಿಯವರ ತಪ್ಪು ಯಾವಾಗಲೂ ಇದೇ. ಒಮ್ಮೆ ಹೇಳಿದ್ದನ್ನು ಅವರು ನಂಬಿಬಿಡುತ್ತಾರೆ. ಮುದ್ದಪ್ಪ ಸತ್ತನೆಂದು ನಂಬಿದ ಹಾಗೆ.

ಸಂಕ್ರಾಂತಿ ಹತ್ತಿರ ಬಂದಾಗ ಜುಂಜಮ್ಮ ತಡೆಯಲಾರದೆ ದಾಸಣ್ಣನನ್ನು ಎಳೆದುಕೊಂಡು ಮಧುಗಿರಿಯ ಬಸ್ಸು ಹತ್ತಿದಳು. ಅಲ್ಲಿ ಉಪವಿಭಾಗದ ಕಚೇರಿಯಲ್ಲಿ ಪರ್ವತಯ್ಯ ಎಂಬ ಶಿರಸ್ತೇದಾರರಿದ್ದರು. ಅವರಿಗೆ ಒಂದು ವಿಚಿತ್ರ ಅಭ್ಯಾಸ. ಸರ್ಕಾರ ಅಚ್ಚು ಹಾಕಿಸಿ ಕಳಿಸಿದ ಕಾನೂನನ್ನು ಅವರು ಓದುತ್ತಿದ್ದರು. ಸಹೋದ್ಯೋಗಿಗಳು ಇದನ್ನು ಕಾಯಿಲೆಯೆಂದು ತಿಳಿದು ಕ್ಷಮಿಸಿದ್ದರು.

"ನಿಮ್ಮ ತಂದೆ ಹುಟ್ಟಿದ್ದೆಲ್ಲಿ?" ಎಂದರು ಪರ್ವತಯ್ಯ.

"ನಮ್ಮ ಹಟ್ಟೀಲೇ ಸೋಮಿ. ಬುಕ್ಕಾಪಟ್ಟಣದತ್ರ."

"ನೀನು ಬಂದು ಆರು ತಿಂಗಳಾಯಿತೇ?"

"ಸಂಕ್ರಾಂತಿ ಕಳುದ್ರೆ ಆಗ್ತದೆ."

"ಕಳೆದ ಮೇಲೆ ಅರ್ಜಿ ಹಾಕು. ತುಮಕೂರಿಗೆ, ಡಿ.ಸಿ. ಸಾಹೇಬರ ಹೆಸರಿಗೆ. ಭಾರತ ಮೂಲದವನು, ಇಲ್ಲಿ ಬಂದು ಆರು ತಿಂಗಳು ವಾಸ ಮಾಡಿದ್ದರೆ, ಹೆಸರು ನೋಂದಾಯಿಸಿಕೊಂಡು ಇಲ್ಲಿಯ ಪೌರನಾಗಬಹುದು. ಆಮೇಲೆ ಆ ದೇಶದವನಾಗಿರುವ ಹಾಗಿಲ್ಲ, ಎರಡು ದೋಣಿಯಲ್ಲಿ ಕಾಲಿಡಬಾರದು. ಈ ದೇಶಕ್ಕೆ ನಿಷ್ಠೆಯಿಂದ ಇರುತ್ತೇನೆ ಅಂತ ಪ್ರಮಾಣ ಮಾಡಬೇಕು."

"ಅಷ್ಟೇನಾ?" ಎಂದಳು ಜುಂಜಮ್ಮ. ಅವಳಿಗೆ ನಿರಾಸೆಯಾದಂತಿತ್ತು. ದೇವರ ಎತ್ತುಗಳೇ ಇದಕ್ಕಿಂತ ಕಷ್ಟ ಕೊಟ್ಟಿದ್ದವು.

"ಅಷ್ಟೇ. ಯಾಕಮ್ಮ, ಸಾಲದೇ?"

ದಾಸಣ್ಣ ಹಿಂದೆ ಮುಂದೆ ನೋಡಿ ನಿಜ ಹೇಳಿದ. "ಒಂದು ತೊಡಕೈತೆ ಸೋಮಿ. ಹಟ್ಟಿ ಲೆಕ್ಕದಾಗೆ ನಮ್ಮಪ್ಪ ಸತ್ತು ನಾಕು ವರ್ಸ ಆದ್ಮ್ಯಾಕೆ ನಾನು ಹುಟ್ಟಿರೋದು."

ಪರ್ವತಯ್ಯ ಕನ್ನಡಕ ತೆಗೆದು ಒರೆಸಿದರು. ಅವನನ್ನೂ ಅವಳನ್ನೂ ನೋಡಿದರು. "ನಿಮ್ಮಪ್ಪ ಎಲ್ಲಿ ಹುಟ್ಟಿದ ಅಂತ ಕಾನೂನು ಕೇಳುತ್ತೆ ಕಣಯ್ಯಾ. ಎಷ್ಟು ಸಲ ಸತ್ತ ಅಂತ ಕೇಳೋದಿಲ್ಲ. ನಿಮ್ಮ ಹಟ್ಟಿ ಗೌಡನನ್ನು ಕರಕೊಂಡು ಬಾ, ಹುಟ್ಟಿದ್ದಕ್ಕೆ ಸಾಕ್ಷಿ ಹೇಳಲಿ, ಸಾಕು. ಆದರೆ ಪಾಸ್‌ಪೋರ್ಟು ಬೇಕೇ ಬೇಕು. ಶಿವರಾತ್ರಿಯ ಮುದ್ರೆ ಮುಗಿಯೋದರೊಳಗೆ ಅರ್ಜಿ ಒಳಗೆ ಬೀಳಬೇಕು. ಎಲ್ಲಿದೆ ಅದು?"

"ಧಣೇರ ಕಪಾಟಿನಾಗೆ."

ಯಾಕೆಂದು ಪರ್ವತಯ್ಯ ಕೇಳಿ ತಿಳಿದುಕೊಂಡರು. "ಕೆಲಸ ಕೊಟ್ಟವನು ಆಳಿನ ಪಾಸ್‌ಪೋರ್ಟು ಇಟ್ಟುಕೊಳ್ಳಬಹುದು ಅಂತ ಯಾವ ಕಾನೂನಲ್ಲೂ ಇಲ್ಲ," ಎಂದರು. "ಕೆಲಸ ಮಾಡಿದವನಿಗೆ ಸಂಬಳ ಕೊಟ್ಟರೆ ಜೈಲು ಅಂತಲೂ ಇಲ್ಲ. ಕೇಳಿ ಈಸಿಕೋ. ಕೊಡದಿದ್ದರೆ ಪೊಲೀಸಿಗೆ ಬರೆದುಕೊಡು."

"ಅವ್ರ ಮನೆ ಅನ್ನ ಉಂಡಿವ್ನಿ," ಎಂದ ದಾಸಣ್ಣ.

"ವರ್ಸಾ ವರ್ಸಾ ನಮ್ಮ ಕುರಿ ಗೊಬ್ಬರಕ್ಕೆ ಅವ್ರ ಹೊಲದಾಗೆ ಮಲಗ್ತವೆ," ಎಂದಳು ಜುಂಜಮ್ಮ. "ಪೋಲೀಸು ಗೀಲೀಸು ಬ್ಯಾಡಿ ಸೋಮಿ."

ಪರ್ವತಯ್ಯ ಕನ್ನಡಕ ಹಾಕಿಕೊಂಡರು. ಇದಕ್ಕೆ ಅವರ ಪುಸ್ತಕದಲ್ಲಿ ಕಲಮು ಇರಲಿಲ್ಲ.

ದಾಸಣ್ಣ ಕೇಳಿದ. ಧಣಿಗಳು ಇಲ್ಲವೆನ್ನಲಿಲ್ಲ. ದೈವಭಕ್ತರು ಇಲ್ಲ ಎನ್ನುವುದಿಲ್ಲ, ಪಂಚಾಂಗ ನೋಡುತ್ತಾರೆ.

"ಕೊಡೋಣ ಕಣಯ್ಯಾ, ಅದನ್ನ ಇಟ್ಟುಕೊಂಡು ನಾನೇನು ಉಪ್ಪಿನಕಾಯಿ ಹಾಕ್ತೀನಾ? ಇವತ್ತು ಸೋಮವಾರ, ಶಿವನ ದಿನ, ಕಪಾಟು ಮುಟ್ಟೋದಿಲ್ಲ."

ಮಂಗಳವಾರ ಮನೆಯಿಂದ ವಸ್ತು ಹೊರಗೆ ಹೋಗಬಾರದಿತ್ತು. ಬುಧವಾರ ಬೀಗದ ಕೈ ಎಲ್ಲೋ ಬಿದ್ದಿತ್ತು. ಗುರುವಾರ ರಾಹುಕಾಲ ಎಂದಿಗಿಂತ ಉದ್ದವಾಯಿತು. ಶುಕ್ರವಾರ ಲಕ್ಷ್ಮಿಯ ದಿನ, ಶನಿವಾರ ಶನಿಯ ದಿನ, ಭಾನುವಾರ ಅಮಾವಾಸ್ಯೆ. ಮರುವಾರ ದಾಸಣ್ಣ ಮತ್ತೆ ಕೇಳಿದಾಗ ಧಣಿಗಳಿಗೆ ನಿಜವಾಗಿಯೇ ದುಃಖವಾಯಿತು.

"ಅಲ್ಲಯ್ಯಾ, ಪೌರನಾಗಿ ಏನು ಮಾಡ್ತೀಯಾ? ಈ ದೇಶದಲ್ಲಿ ಪೌರರು ಕೋಟಿ ಕೋಟಿ ಇದಾರೆ. ಅವರಿಗೆಲ್ಲ ಯಾರಾದರೂ ಕೂರಿಸಿ ಮುದ್ದೆ ಹಾಕ್ತಾರೇನು? ಪರದೇಶಿಯಾಗಿರೋದಕ್ಕೇ ನಿನಗೆ ಇಷ್ಟು ಮರ್ಯಾದೆ. ಹೋಗು, ಇಂಜಿನ್ನಿಗೆ ಎಣ್ಣೆ ಬಿಡು."

ದಾಸಣ್ಣ ಎಣ್ಣೆ ಬಿಟ್ಟ. ಮಾಘ ಮಾಸ ಬಂತು. ಶಿವರಾತ್ರಿಗೆ ಇನ್ನು ಕೆಲವೇ ದಿನ ಉಳಿದವು. ಹಟ್ಟಿಯಲ್ಲಿ ಪುಟ್ಟಕ್ಕ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ, ಕುರಿಗಳ ಜೊತೆ ಕೂಡ.

ಕಡ್ಲೆಕಾಯಿ ಕಿತ್ತ ಹೊಲಗಳು ಬೋಳಾಗಿ ಮಲಗಿರುವ ಕಾಲ ಅದು. ಹೊಲದವರೆಲ್ಲ ಕುರಿಯವರ ಬಾಗಿಲಿಗೆ ಬರುತ್ತಾರೆ. ಕುರಿಮಂದೆಯನ್ನು ರಾತ್ರಿ ಹೊಲದಲ್ಲಿ ಮಲಗಿಸಿದರೆ ಅದರ ಹಿಕ್ಕೆ, ಗಂಜಳಕ್ಕೆ ಸಮನಾದ ಗೊಬ್ಬರ ಬೇರೆ ಇಲ್ಲ. ನಂದೀಶ್ವರಯ್ಯನವರಿಗೆ ಬುಕ್ಕಾಪಟ್ಟಣದ ಕಡೆ ಹೊಲವಿತ್ತು. ಬೇರೆಯವರು ಮೊದಲು ಹೋಗಿ ಮಂದೆ ಹಿಡಿದುಬಿಟ್ಟಾರೆಂದು ಅವರು ಒಂದು ಮಧ್ಯಾಹ್ನ ತಾವೇ ಕಾರಿನಲ್ಲಿ ಬಂದರು. ರಸ್ತೆ ಮುಗಿದಲ್ಲಿ ಇಳಿದರು. ಬೇಲಿಯ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಕಾಲಿಡುವಷ್ಟರಲ್ಲಿ ಗಂಗಣ್ಣ ಕೋಲನ್ನು ಅಡ್ಡ ಹಿಡಿದು ನಿಂತ.

"ನಿಂತ್ಕಳಿ ಸಾವ್ಕಾರ್ರೆ. ನೀವು ಯಾವ ದೇಸದೋರು?"

"ಏನಯ್ಯಾ ಗಂಗಣ್ಣ, ಕಣ್ಣು ಮಂಜಾಯಿತೇನು? ನಾನು ಶಿರಾದ ನಂದೀಶ್ವರಯ್ಯ."

"ಅಂಗಂದ್ರೆ ಬೇಲಿಯಾಚೆಯೋರು. ಯಾರ ತಾವ ಬಂದ್ರಿ?"

"ಜುಂಜಮ್ಮನ ಹತ್ರ. ಮಂದೆ ಮಾತಾಡೋಕೆ."

"ಸರಿ. ಅಂಗಾದ್ರೆ ಇಲ್ಲಿರೋ ಗಂಟ ನಿಮ್ಗೆ ಜುಂಜಮ್ಮನೇ ಸರ್ಕಾರ." ಗಂಗಣ್ಣ ಒಳಗೆ ತಿರುಗಿ ಕೂಗಿದ. "ಏ ಜುಂಜೀ! ಬಾರಮ್ಮ ಇಲ್ಲಿ. ನಿನ್ ಪರದೇಸಿ ಬಂದವ್ರೆ!"

ನಂದೀಶ್ವರಯ್ಯನವರು ಮುದುಕನ ಮುಖ ನೋಡಿದರು. ಕುಚೋದ್ಯವಾಗಿದ್ದರೆ ಬೈದುಬಿಡಬಹುದಿತ್ತು. ಕುಚೋದ್ಯದ ಸುಳಿವೂ ಇರಲಿಲ್ಲ. ಅದೇ ಕಷ್ಟವಾಯಿತು.

"ಏನಿದೆಲ್ಲ?" ಎಂದರು.

"ನಂದೇನಲ್ಲ ಸೋಮಿ, ನೀವೇ ಹೇಳಿರೋ ಕಾನೂನು. ನಮ್ಮ ಹುಡುಗ ಬಂದು ಎಲ್ಲಾ ಬುಡಿಸಿ ಹೇಳ್ದ. ಇಷ್ಟು ದಿನ ನಮ್ಗೆ ತಿಳೀದು, ಬಂದೋರ್ನೆಲ್ಲ ಅಂಗೇ ಒಳೀಕೆ ಬುಟ್ಬುಡ್ತಿದ್ವಿ, ಮಜ್ಜಿಗೆ ಕೊಟ್ಬುಡ್ತಿದ್ವಿ. ಎಷ್ಟು ತಪ್ಪಾಗೋಯ್ತು ಅಂತೀನಿ! ಇನ್ಮ್ಯಾಕೆ ಸರ್ಕಾರದ ಪ್ರಕಾರಾನೇ ನಡೀಬೇಕು ಅಂತ ಹಟ್ಟಿಯೋರೆಲ್ಲ ಕುಂತು ಮಾತಾಡಿವಿ."

ಜುಂಜಮ್ಮ ಬಂದು ನಿಂತಳು. ಸೆರಗು ಸರಿಮಾಡಿಕೊಂಡಳು. ಸರ್ಕಾರವಾಗಿ ಅವಳಿಗೆ ಅಭ್ಯಾಸವಿರಲಿಲ್ಲ.

"ಇನ್ನೊಂದೈತೆ," ಎಂದ ಗಂಗಣ್ಣ, ಮರೆತುಹೋಗುವ ಮುನ್ನ ಹೇಳಿಬಿಡುವ ಆತುರದಲ್ಲಿ. "ನೀವು ನೀವೇ ಅಂತ ತೋರ್ಸೋ ವಸ್ತು ಒಂದಿರ್ತದಲ್ಲ, ಅದುನ್ನ ನಿಮ್ಮ ಸರ್ಕಾರದ ಕೈಗೆ ಕೊಟ್ಬುಡಬೇಕು. ನೀವು ಹಟ್ಟಿ ಬುಟ್ಟು ಹೋಗೋ ಗಂಟ ಜುಂಜಮ್ಮ ಮಡಗಿಕೊಂಡಿರ್ತಾಳೆ. ಏನೈತೆ ನಿಮ್ಮತ್ರ?"

ಏನಿದೆ? ನಂದೀಶ್ವರಯ್ಯನವರು ಜೇಬು ಮುಟ್ಟಿ ನೋಡಿಕೊಂಡರು. ಮಿಲ್ಲಿನ ಬೀಗದ ಕೈ ಇತ್ತು. ಅದು ಮಿಲ್ಲು ಯಾರದೆಂದು ತೋರಿಸುತ್ತದೆ, ತಾವು ಯಾರೆಂದಲ್ಲ. ರೂಪಾಯಿ ನೋಟುಗಳಿದ್ದವು. ಅವು ನಿನ್ನೆ ಬೇರೆಯವರವು, ನಾಳೆ ಇನ್ನೊಬ್ಬರವು. ಕೈಯಲ್ಲಿ ಗಡಿಯಾರವಿತ್ತು. ನಾನು ನಾನೇ ಎಂದು ತೋರಿಸುವುದು ಏನು? ಇಂಥ ಪ್ರಶ್ನೆಯನ್ನು ಮಠದಲ್ಲಿ ಸ್ವಾಮಿಗಳು ಕೇಳಿದ್ದರೆ ಅವರು ಕಣ್ಣು ಮುಚ್ಚಿ ಕೈ ಮುಗಿದು, ಮನೆಗೆ ಹೋಗಿ ಮರೆತುಬಿಡುತ್ತಿದ್ದರು. ಕುರಿ ಕಾಯುವವನು ಬಿಸಿಲಿನಲ್ಲಿ ಕೋಲು ಅಡ್ಡ ಹಿಡಿದು ಕೇಳಿದ್ದರಿಂದ ಯೋಚಿಸಲೇಬೇಕಾಯಿತು. ತಮಗೇ ತಿಳಿಯದೆ ಅವರ ಬಲಗೈ ಅಂಗಿಯ ಮೇಲೆ ಹೋಗಿ, ಎದೆಯ ಹತ್ತಿರ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಹುಟ್ಟಿದ ಕೂಸಾಗಿದ್ದಾಗ ಗುರುಗಳು ಕೊಟ್ಟ ಲಿಂಗ ಅದರೊಳಗಿತ್ತು. ಅದು ಕಳೆದುಹೋದರೆ ಅವರು ನೀರು ಮುಟ್ಟುವ ಹಾಗಿರಲಿಲ್ಲ.

ಜುಂಜಮ್ಮ ಆ ಕೈಯನ್ನು ನೋಡಿದಳು. ತಟ್ಟನೆ ಎರಡು ಹೆಜ್ಜೆ ಹಿಂದೆ ಸರಿದಳು.

"ಬ್ಯಾಡಿ ಬ್ಯಾಡಿ ಸಾವ್ಕಾರ್ರೆ! ಗಂಗಣ್ಣಯ್ಯ, ಏನ್ ಕೇಳ್ತಿದ್ದೀಯಾ ನೀನು? ಅದುನ್ನ ಈಸ್ಕಂಡ್ರೆ ಅವ್ರು ಯಾರಾಗಿ ಮನೀಗೋಗ್ಬೇಕು?" ಅವಳು ಕೆನ್ನೆ ಕೆನ್ನೆ ಬಡಿದುಕೊಂಡಳು. "ನಿಮ್ ದ್ಯಾವ್ರು ನಿಮ್ ಎದೆ ಮ್ಯಾಲೇ ಇರ್ಲಿ ಸೋಮಿ. ಇಂಥ ಸರ್ಕಾರ ನನ್ ಕೈಲಾಗಾಕಿಲ್ಲ. ನಾನು ವಲ್ಲೆ. ಅವರವರ್ದು ಅವರವರ ತಾವ್ಲೇ ಇರ್ಬೇಕು."

"ಕಾನೂನು ಅಂಗಲ್ವಲ್ಲಮ್ಮ," ಎಂದ ಗಂಗಣ್ಣ, ಗೊಂದಲಗೊಂಡು.

"ಕಾನೂನಿಗೆ ಬೆಂಕಿ ಇಕ್ಕು. ಬನ್ನಿ ಸೋಮಿ ಒಳೀಕೆ, ಬಿಸ್ಲಾಗೆ ನಿಂತಿದ್ದೀರಿ. ಪುಟ್ಟೀ, ಮಜ್ಜಿಗೆ ತತ್ತಾರೇ!"

ಪುಟ್ಟಕ್ಕ ಮಜ್ಜಿಗೆ ತಂದಳು. ಅವಳ ಕಣ್ಣುಗಳು ಊದಿಕೊಂಡಿದ್ದವು. ಕೊಟ್ಟು ಒಳಗೆ ಹೋದಳು. ನಂದೀಶ್ವರಯ್ಯನವರು ಚೊಂಬನ್ನು ಹಿಡಿದುಕೊಂಡು ಬಹಳ ಹೊತ್ತು ಕೂತರು. ಅವರ ಎಡಗೈಯಲ್ಲಿ ಚೊಂಬು. ಬಲಗೈ ಇನ್ನೂ ಎದೆಯ ಮೇಲೆಯೇ ಇತ್ತು. ಮಂದೆಯ ಮಾತನ್ನು ಎತ್ತಿದವಳು ಜುಂಜಮ್ಮನೇ.

"ಪೌರ್ಣಮಿ ಕಳುದ್ಮ್ಯಾಕೆ ಮಂದೆ ನಿಮ್ ಹೊಲಕ್ಕೇ ಹೊಡೀತೀವಿ, ಯೋಚ್ನೆ ಮಾಡ್ಬ್ಯಾಡಿ. ಬ್ಯಾರೆಯೋರು ಕೇಳುದ್ರು. ನಿಮ್ಗೇ ಅಂತ ಹೇಳ್ಬುಟ್ಟಿವ್ನಿ."

ಅವಳು ಪಾಸ್‌ಪೋರ್ಟಿನ ಮಾತನ್ನು ಆಡಲಿಲ್ಲ. ಆಡಿದ್ದರೆ ನಂದೀಶ್ವರಯ್ಯನವರಿಗೆ ಅನುಕೂಲವಾಗುತ್ತಿತ್ತು. ಪಂಚಾಂಗ ತೆಗೆಯಬಹುದಿತ್ತು, ಮಂದೆಗೂ ಪಾಸ್‌ಪೋರ್ಟಿಗೂ ಚೌಕಾಶಿ ಮಾಡಬಹುದಿತ್ತು, ಅದು ಅವರಿಗೆ ಬರುವ ವಿದ್ಯೆ. ಅವಳು ಏನನ್ನೂ ಕೇಳದೆ ಎಲ್ಲವನ್ನೂ ಕೊಟ್ಟುಬಿಟ್ಟಳು. ಇಂಥ ವ್ಯವಹಾರಕ್ಕೆ ಕೋರ್ಟಿನ ಕಟ್ಟೆಯ ಮೇಲೆ ಯಾರೂ ಅವರಿಗೆ ಪಾಠ ಹೇಳಿರಲಿಲ್ಲ.

ಎದ್ದು ಹೊರಟರು. ಬೇಲಿಯ ಹತ್ತಿರ ಕಾಲಿಗೆ ಮುಳ್ಳು ಚುಚ್ಚಿತು. ಚಪ್ಪಲಿಯನ್ನು ಹಾಕಿಕೊಳ್ಳದೆ ಕೈಯಲ್ಲಿ ಹಿಡಿದುಕೊಂಡೇ ಕಾರಿನವರೆಗೆ ನಡೆದರು. ಡ್ರೈವರು ಬೆರಗಾಗಿ ನೋಡುತ್ತ ಕಾರಿನ ಬಾಗಿಲು ತೆರೆದ.

ಮರುದಿನ ಮಂಗಳವಾರ. ಮನೆಯಿಂದ ವಸ್ತು ಹೊರಗೆ ಹೋಗಬಾರದ ದಿನ. ದಾಸಣ್ಣ ಮಿಲ್ಲಿನಲ್ಲಿ ಇಂಜಿನ್ನಿನ ಬೆಲ್ಟಿನ ಪಟ್ಟಿ ಜಾರದಿರಲೆಂದು ಅದಕ್ಕೆ ರಾಳ ಹಚ್ಚುತ್ತಿದ್ದ. ಮದ್ರಾಸಿನ ಹಡಗು ಎಂದು ಹೊರಡುತ್ತದೆಂದು ವಿಚಾರಿಸಬೇಕೆಂದುಕೊಂಡಿದ್ದ, ಆದರೆ ಯಾರನ್ನು ವಿಚಾರಿಸಬೇಕೆಂದು ಅವನಿಗೆ ತಿಳಿದಿರಲಿಲ್ಲ. ಬೆಳಗಿನ ಪೂಜೆ ಮುಗಿಸಿದ ನಂದೀಶ್ವರಯ್ಯನವರು ಒದ್ದೆ ಪಂಚೆಯಲ್ಲೇ ಪಡಸಾಲೆ ದಾಟಿ, ಸಿಪ್ಪೆಯ ರಾಶಿಯನ್ನು ಬಳಸಿಕೊಂಡು ಅವನ ಹತ್ತಿರ ಬಂದರು. ಕುಂಟುತ್ತಿದ್ದರು. ಇಂಜಿನ್ನು ಸದ್ದು ಮಾಡುತ್ತಲೇ ಇತ್ತು. ಒಂದು ಬಿಳಿ ಬಟ್ಟೆಯ ಗಂಟನ್ನು ಅವನ ಕೈಗಿಟ್ಟರು.

ದಾಸಣ್ಣ ಕೈಯ ಜಿಡ್ಡನ್ನು ಒರೆಸಿಕೊಂಡು ಗಂಟು ಬಿಚ್ಚಿದ. ಸುಗ್ಗಿಯ ಸಂಬಳವಿತ್ತು. ಅದರ ಮೇಲೆ ಪಾಸ್‌ಪೋರ್ಟು ಇತ್ತು. ತೆರೆದು ನೋಡಿದ. ಕಪಾಟಿನಲ್ಲಿದ್ದುದಕ್ಕೆಲ್ಲ ಶುಕ್ರವಾರ ಶುಕ್ರವಾರ ಪೂಜೆಯಾಗುತ್ತಿದ್ದುದರಿಂದ, ಒಳಗಿನ ಫೋಟೋದಲ್ಲಿ ಅವನ ಹಣೆಯ ಮೇಲೆ ಯಾರೋ ಕುಂಕುಮ ಇಟ್ಟಿದ್ದರು.

ಅವನು ತಲೆಯೆತ್ತಿದಾಗ ಧಣಿಗಳು ಆಗಲೇ ಬೆನ್ನು ತಿರುಗಿಸಿ, ಅವನು ಕೆಳಗಿಟ್ಟಿದ್ದ ರಾಳದ ಉಂಡೆಯನ್ನು ತೆಗೆದುಕೊಂಡು, ಓಡುತ್ತಿದ್ದ ಪಟ್ಟಿಗೆ ತಾವೇ ಹಚ್ಚತೊಡಗಿದ್ದರು. ಇನ್ನೊಂದು ಕೈಯಲ್ಲಿ, ಅವನ ಕಡೆ ನೋಡದೆ, ತುಮಕೂರಿನ ಬಸ್ಸು ನಿಲ್ಲುವ ದಿಕ್ಕನ್ನು ತೋರಿಸಿದರು.